ಪ್ರತಿನಾಯಕನ ಶೇಷ: ಮೈಸೂರು ಪರಿಸರದ ಜನಪದ ಕಥನ ಮತ್ತು ಆಧುನಿಕ ಚಿತ್ರಕಥೆ

ಪ್ರವೇಶ

ವೀರನ ಸಾಹಸವನ್ನು ಹೇಳುವ ಯಾವುದೇ ಕಥನಕ್ಕೆ ಎದುರಾಳಿ ಅನಿವಾರ್ಯ. ಎದುರಾಳಿಯ ಬಲದಿಂದಲೇ ವೀರನ ಬಲವನ್ನು ಕೇಳುಗರು ಅಳೆಯುತ್ತಾರೆ. ಆದರೂ ಕನ್ನಡ ಜಾನಪದ ಅಧ್ಯಯನದಲ್ಲಿ ನಾಯಕನಿಗೆ ದೊರೆತಷ್ಟು ಗಮನ ಪ್ರತಿನಾಯಕನಿಗೆ ದೊರೆತಿಲ್ಲ. ರಷ್ಯಾದ ವಿದ್ವಾಂಸ ವ್ಲಾಡಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಜನಪದ ಕಥೆಗಳ ರಾಚನಿಕ ಅಧ್ಯಯನದಲ್ಲಿ ಪಾತ್ರಗಳ ಏಳು ಕಾರ್ಯಕ್ಷೇತ್ರಗಳನ್ನು ಗುರುತಿಸಿದನು, ಖಳನದು ಅವುಗಳಲ್ಲೊಂದು. ಆ ವಿನ್ಯಾಸದಲ್ಲಿ ಖಳನು ಕೇಡು ಮಾಡುತ್ತಾನೆ, ನಾಯಕನೊಡನೆ ಹೋರಾಡುತ್ತಾನೆ, ಸೋಲುತ್ತಾನೆ. ಸೋತ ಮೇಲೆ ಅವನೇನಾದನೆಂಬುದು ಆ ವಿನ್ಯಾಸದ ಪ್ರಶ್ನೆಯಲ್ಲ.

ಮೈಸೂರು ಪರಿಸರದ ಜನಪದ ಕಥನಗಳಿಗೆ ಅದು ಮುಖ್ಯ ಪ್ರಶ್ನೆ. ಸೋತ ಪ್ರತಿನಾಯಕನು ಇಲ್ಲಿ ಊರಿನ ಹೆಸರಾಗಿ, ವಾದ್ಯವಾಗಿ, ಹಬ್ಬವಾಗಿ, ಬೆಟ್ಟದ ಮೇಲಿನ ಮೂರ್ತಿಯಾಗಿ ಉಳಿಯುತ್ತಾನೆ. ಹೀಗೆ ಉಳಿಯುವ ಅಂಶವನ್ನು ಪ್ರಸ್ತುತ ಲೇಖನದಲ್ಲಿ ‘ಶೇಷ’ ಎಂದು ಕರೆಯಲಾಗಿದೆ. ಕಳೆದ ಆರು ದಶಕಗಳಲ್ಲಿ ಇದೇ ಪರಿಸರದ ಮಕ್ಕಳು ವೀರ-ಖಳರ ಕಥೆಗಳನ್ನು ಹಾಡುಗಾರರ ಬಾಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ಚಿತ್ರಕಥಾ ಪುಸ್ತಕಗಳಲ್ಲಿ ಓದಿದ್ದಾರೆ, ದೂರದರ್ಶನದ ಆನಿಮೇಷನ್ ಧಾರಾವಾಹಿಗಳಲ್ಲಿ ನೋಡಿದ್ದಾರೆ. ಕಥನವು ಬಾಯಿಂದ ಮುದ್ರಣಕ್ಕೆ, ಮುದ್ರಣದಿಂದ ತೆರೆಗೆ ಸಾಗಿದಾಗ ವೀರನು ಬಹುಮಟ್ಟಿಗೆ ಉಳಿದುಕೊಂಡನು. ಪ್ರತಿನಾಯಕನ ಶೇಷ ಅಳಿಯಿತು. ಈ ಅಳಿವು ಹೇಗಾಯಿತು, ಅದರಿಂದ ಆದ ನಷ್ಟವೇನು ಎಂಬುದರ ವಿವೇಚನೆ ಈ ಲೇಖನದ ಉದ್ದೇಶ.

ಬೆಟ್ಟದ ಮಹಿಷ

ಮೈಸೂರೆಂಬ ಹೆಸರಿನ ಮೂಲ ಮಹಿಷ ಶಬ್ದದಲ್ಲಿದೆ ಎಂಬ ಅಭಿಪ್ರಾಯ ರೂಢಿಯಲ್ಲಿದೆ. ಮಹಿಷಪುರ, ಮಹಿಷೂರು ಎಂಬ ರೂಪಗಳಿಂದ ಮೈಸೂರು ಬಂದಿತೆಂದು ಹೇಳಲಾಗುತ್ತದೆ. ಪ್ರಾಚೀನ ತಮಿಳು ಸಾಹಿತ್ಯದ ಎರುಮೈ ನಾಡನ್ನು ಈ ಪ್ರದೇಶದೊಂದಿಗೆ ಗುರುತಿಸುವ ವಿದ್ವಾಂಸರಿದ್ದಾರೆ. ಎರುಮೆ ಎಂದರೆ ಎಮ್ಮೆ. ಸಿಂಹಳದ ಮಹಾವಂಸದಲ್ಲಿ ಅಶೋಕನ ಕಾಲದ ಧರ್ಮಪ್ರಸಾರಕ್ಕಾಗಿ ಮಹಾದೇವನೆಂಬ ಥೇರನನ್ನು ಕಳುಹಿಸಿದ ನಾಡನ್ನು ಮಹಿಷಮಂಡಲ ಎಂದು ಕರೆದಿದೆ. ಅದು ಮೈಸೂರು ಸೀಮೆಯೇ ಅಥವಾ ನರ್ಮದಾ ತೀರದ ಮಾಹಿಷ್ಮತಿಯ ಪ್ರದೇಶವೇ ಎಂಬ ಬಗ್ಗೆ ಒಮ್ಮತವಿಲ್ಲ. ವ್ಯುತ್ಪತ್ತಿಯ ಚರ್ಚೆ ಹೇಗೇ ಇರಲಿ, ಜನರ ನಂಬಿಕೆಯಲ್ಲಿ ಊರಿನ ಹೆಸರು ಮಹಿಷನದು. 2014ರ ನವೆಂಬರ್ 1ರಂದು ನಗರದ ಹೆಸರಿನ ಅಧಿಕೃತ ಇಂಗ್ಲಿಷ್ ರೂಪವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿ ‘ಮೈಸೂರು’ ಎಂದು ಬದಲಿಸಿದಾಗಲೂ ಆ ಹೆಸರೇ ಉಳಿಯಿತು. ಸಂಹಾರ ಮಾಡಿದ ದೇವಿ ಬೆಟ್ಟಕ್ಕೆ ಹೆಸರಾದಳು, ಸಂಹಾರಕ್ಕೊಳಗಾದವನು ಊರಿಗೆ ಹೆಸರಾದನು.

ಚಾಮುಂಡಿ ಬೆಟ್ಟದ ಮೇಲಿರುವ ಮಹಿಷಾಸುರನ ಮೂರ್ತಿಯನ್ನು ಈ ದೃಷ್ಟಿಯಿಂದ ನೋಡಬೇಕು. ಭಾರತೀಯ ಮೂರ್ತಿಶಿಲ್ಪದ ಮಹಿಷಮರ್ದಿನಿಯಲ್ಲಿ ಅಸುರನು ದೇವಿಯ ಪಾದದಡಿಯಲ್ಲಿರುತ್ತಾನೆ. ಕೆಲವೆಡೆ ಕೋಣನ ಕೊರಳಿನಿಂದ ಅರ್ಧ ಹೊರಬಂದ ಮಾನವರೂಪಿ, ಕೆಲವೆಡೆ ಕೋಣನ ತಲೆಯ ಯೋಧ. ಬೆಟ್ಟದ ಮೂರ್ತಿಯಲ್ಲಿ ದೇವಿಯಿಲ್ಲ, ತ್ರಿಶೂಲವಿಲ್ಲ, ಕೋಣನ ತಲೆಯೂ ಇಲ್ಲ. ಎತ್ತಿದ ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಹಾವು ಹಿಡಿದ ದಪ್ಪ ಮೀಸೆಯ ಆಳು ಒಬ್ಬಂಟಿಯಾಗಿ, ಜೀವಂತವಾಗಿ, ನೆಟ್ಟಗೆ ನಿಂತಿದ್ದಾನೆ. ದೇವಾಲಯಕ್ಕೆ ಬರುವ ಕುಟುಂಬಗಳು ಅವನೆದುರು ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತವೆ. ಸೋತವನನ್ನು ಸೋಲಿನ ಕ್ಷಣದ ಹೊರಗೆ ನಿಲ್ಲಿಸಿ ತೋರಿಸುವ ಈ ಕ್ರಮ ಪುರಾಣದ್ದಲ್ಲ. ಅದು ಸ್ಥಳೀಯ ಕಲ್ಪನೆಯದು, ಸ್ಥಳದ ಮೇಲೆ ಪ್ರತಿನಾಯಕನಿಗಿರುವ ಹಕ್ಕನ್ನು ಒಪ್ಪಿಕೊಂಡ ಕಲ್ಪನೆಯದು.

ಉತ್ತನಹಳ್ಳಿಯ ನಾಲಗೆ

ಮಹಿಷ ಸಂಹಾರದ ಜನಪದ ಪಾಠವನ್ನು ಪುರಾಣದ ಪಾಠದೊಂದಿಗೆ ಹೋಲಿಸಿದಾಗ ಎರಡು ಮುಖ್ಯ ವ್ಯತ್ಯಾಸಗಳು ಕಾಣುತ್ತವೆ. ದೇವೀಮಾಹಾತ್ಮ್ಯದಲ್ಲಿ ಮಹಿಷನ ವಧೆಯೂ ರಕ್ತಬೀಜನ ವಧೆಯೂ ಬೇರೆ ಬೇರೆ ಪ್ರಸಂಗಗಳು. ನೆಲಕ್ಕೆ ಬಿದ್ದ ಪ್ರತಿ ರಕ್ತದ ಹನಿಯಿಂದ ಹೊಸ ಅಸುರ ಹುಟ್ಟುವ ವರ ರಕ್ತಬೀಜನದು. ಆ ರಕ್ತವನ್ನು ಕುಡಿಯುವವಳು ಕಾಳಿ. ಮೈಸೂರು ಸೀಮೆಯ ಜನಪದ ಪಾಠದಲ್ಲಿ ಈ ವರ ಮಹಿಷನಿಗೇ ಸೇರಿದೆ. ಕೊಂದಷ್ಟೂ ಹುಟ್ಟುವ ಅಸುರರಿಂದ ದಣಿದ ಚಾಮುಂಡಿಯ ಬೆವರಿನಿಂದ ತಂಗಿಯೊಬ್ಬಳು ಹುಟ್ಟುತ್ತಾಳೆ. ಆಕೆ ನಾಲಗೆ ಚಾಚಿ ರಕ್ತ ನೆಲಕ್ಕೆ ಬೀಳದಂತೆ ನೆಕ್ಕುತ್ತಾಳೆ. ಬೆಟ್ಟದ ತಪ್ಪಲಿನ ಉತ್ತನಹಳ್ಳಿಯಲ್ಲಿ ನೆಲೆಸಿದ ದೇವತೆ ಅವಳೇ ಎಂಬುದು ನಂಬಿಕೆ.

ಎರಡನೆಯ ವ್ಯತ್ಯಾಸ ಇನ್ನೂ ಗಮನಾರ್ಹ. ಪುರಾಣದಲ್ಲಿ ಸಂಹಾರವೇ ಶಿಖರ, ಅದಾದ ಮೇಲೆ ಸ್ತುತಿ. ಜನಪದ ಪಾಠದಲ್ಲಿ ಸಂಹಾರ ಮುಗಿದ ಮೇಲೆ ಕಥೆ ಮುಂದುವರಿಯುತ್ತದೆ. ಅಸುರನನ್ನು ಕೊಂದ ಚಾಮುಂಡಿ ನಂಜನಗೂಡಿನ ನಂಜುಂಡನನ್ನು ಮೆಚ್ಚುತ್ತಾಳೆ. ಅಲ್ಲಿ ಹೆಂಡಿರ ಮುನಿಸಿದೆ, ಜಗಳವಿದೆ, ರಾಜಿಯಿದೆ. ಮೈಸೂರಿನಲ್ಲಿ 1929ರಲ್ಲಿ ಜನಿಸಿದ ಎ.ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ವಲಯಗಳನ್ನು ಕುರಿತ ತಮ್ಮ ಇಂಗ್ಲಿಷ್ ಪ್ರಬಂಧದಲ್ಲಿ ಈ ಕಥೆಯನ್ನು ಚರ್ಚಿಸಿದ್ದಾರೆ. ಪುರಾಣದ ದೇವತೆ ಜನಪದರ ಬಾಯಲ್ಲಿ ಮನೆಮಾತಿನ ಹೆಣ್ಣಾಗುವ ಬಗೆಯನ್ನು ಅವರು ಗುರುತಿಸಿದರು. ಅದಕ್ಕೆ ಇಲ್ಲಿ ಒಂದು ಮಾತನ್ನು ಸೇರಿಸಬಹುದು. ಕೊಲ್ಲುವುದೊಂದೇ ವೀರಳ ಬದುಕಲ್ಲವೆಂಬ ತಿಳಿವು ಈ ಪಾಠದ ಜೀವಾಳ. ಪ್ರತಿನಾಯಕನ ಸಾವಿನೊಂದಿಗೆ ವೀರಳ ಅಗತ್ಯ ಮುಗಿಯುವುದಿಲ್ಲ. ಆದುದರಿಂದಲೇ ಆಕೆಯನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಅಸುರರನ್ನು ಹುಟ್ಟಿಸಬೇಕಾಗಿಲ್ಲ.

ಚಿತ್ರಕಥೆಗಳ ಉದ್ಯಮದ ಸಮಸ್ಯೆಯನ್ನು ಅರಿಯಲು ಈ ಹೋಲಿಕೆ ನೆರವಾಗುತ್ತದೆ. ಅಮೆರಿಕದ ಬ್ಯಾಟ್‌ಮನ್ ಪತ್ರಿಕೆಯ ಮೊದಲ ಸಂಚಿಕೆ 1940ರಲ್ಲಿ ಹೊರಬಂದಾಗ ಜೋಕರ್ ಎಂಬ ಖಳನು ಅದೇ ಸಂಚಿಕೆಯಲ್ಲಿ ಸಾಯಬೇಕಿತ್ತು. ಅವನು ಇನ್ನೂ ಬದುಕಿದ್ದಾನೆಂದು ತಿಳಿಸುವ ಚೌಕಟ್ಟೊಂದನ್ನು ಸಂಪಾದಕರ ಸೂಚನೆಯಂತೆ ಕೊನೆಗೆ ಸೇರಿಸಲಾಯಿತು. ಆ ಖಳನು ಎಂಟು ದಶಕಗಳ ಬಳಿಕವೂ ಮರಳಿ ಬರುತ್ತಲೇ ಇದ್ದಾನೆ. ಇಟಲಿಯ ಚಿಂತಕ ಉಂಬರ್ತೊ ಎಕೊ 1962ರ ತನ್ನ ಪ್ರಬಂಧದಲ್ಲಿ ಸೂಪರ್‌ಮ್ಯಾನ್ ಕಥೆಗಳ ಈ ಸ್ವಭಾವವನ್ನು ವಿಶ್ಲೇಷಿಸಿದನು. ಪ್ರತಿ ಸಂಚಿಕೆಯಲ್ಲೂ ಕಥೆ ಹೊಸದಾಗಿ ಆರಂಭವಾಗುತ್ತದೆ, ಕಾಲ ಸವೆಯುವುದಿಲ್ಲ, ನಾಯಕನ ಬದುಕು ಒಂದು ಹೆಜ್ಜೆಯೂ ಮುಂದೆ ಸಾಗುವುದಿಲ್ಲ ಎಂಬುದು ಅವನ ವಾದದ ತಿರುಳು. ಹನಿಗೊಬ್ಬ ಅಸುರ ಹುಟ್ಟುವ ಸಂಕಟವನ್ನು ಜನಪದ ಪಾಠ ಬಲ್ಲದು, ಅದಕ್ಕೆ ಕೊನೆ ಹಾಡುವ ನಾಲಗೆಯನ್ನೂ ಅದು ಕಲ್ಪಿಸಿಕೊಂಡಿದೆ. ಮಾರುಕಟ್ಟೆಯ ಧಾರಾವಾಹಿಗೆ ಆ ನಾಲಗೆ ಬೇಕಿಲ್ಲ. ಮುಂದಿನ ಸಂಚಿಕೆ ಹುಟ್ಟುವುದೇ ನೆಲಕ್ಕೆ ಬಿದ್ದ ಹನಿಯಿಂದ.

ಧಾರಾವಾಹಿತ್ವವೇ ದೋಷವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ‘ಚಂದಮಾಮ’ದಲ್ಲಿ ತಿಂಗಳು ತಿಂಗಳೂ ಬಂದ ಬೇತಾಳ ಕಥೆಗಳು ಇದಕ್ಕೆ ಸಾಕ್ಷಿ. ಶಂಕರ್ ಎಂದು ಪ್ರಸಿದ್ಧರಾದ ಕೆ.ಸಿ. ಶಿವಶಂಕರನ್ ಬರೆದ ಚಿತ್ರದಲ್ಲಿ ಖಡ್ಗಧಾರಿಯಾದ ರಾಜನು ಹೆಗಲ ಮೇಲೆ ಶವವನ್ನು ಹೊತ್ತು ನಡೆಯುತ್ತಾನೆ. ಬೇತಾಳನು ಪ್ರತಿ ಸಲವೂ ಮರಕ್ಕೆ ಮರಳುತ್ತಾನೆ, ರಾಜನು ಪ್ರತಿ ಸಲವೂ ಅವನನ್ನು ಇಳಿಸಿ ಹೊರುತ್ತಾನೆ. ಇಲ್ಲಿಯೂ ಮುಗಿಯದ ಆವೃತ್ತಿಯಿದೆ. ಆದರೆ ಪ್ರತಿ ಆವೃತ್ತಿಯೂ ನ್ಯಾಯದ ಹೊಸ ಪ್ರಶ್ನೆಯೊಂದನ್ನು ಓದುಗನ ಮುಂದಿಡುತ್ತದೆ, ಮತ್ತು ಆ ಪ್ರಶ್ನೆಯನ್ನು ಕೇಳುವವನು ಎದುರಾಳಿಯೇ. ಸೋಲಿಸಲಾಗದ ಎದುರಾಳಿ ಗುರುವೂ ಆಗಬಲ್ಲನೆಂಬುದನ್ನು ಕನ್ನಡದ ಬಾಲ ಓದುಗರು ಈ ಪುಟಗಳಿಂದ ಅರಿತಿದ್ದರು.

ಶ್ರವಣನ ಪಾದರಕ್ಷೆ

ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಂಸಾಳೆಯ ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರ ಕಾವ್ಯದಲ್ಲಿ ಪ್ರತಿನಾಯಕನ ಇನ್ನೊಂದು ಮಾದರಿಯಿದೆ. ಈ ಕಾವ್ಯದ ಪಾಠವೊಂದನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ್ದು ಕನ್ನಡ ಜಾನಪದ ಅಧ್ಯಯನದ ಮಹತ್ವದ ಘಟನೆ. ಕಾವ್ಯದ ಶ್ರವಣ ದೊರೆ ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟು ದುಡಿಸಿಕೊಳ್ಳುವವನು. ಅವನ ದುಷ್ಟತನದ ಸ್ವರೂಪ ಸ್ಪಷ್ಟವಾಗಿದೆ: ಜೀತ ಮಾಡಿಸುವ ಒಡೆಯನ ದುಷ್ಟತನ ಅದು. ಹಾಡುಗಾರರಿಗೂ ಕೇಳುಗರಿಗೂ ಜೀತವೆಂದರೇನೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಅವನನ್ನು ಗೆಲ್ಲಲು ಮಾದೇಶ್ವರನು ಯುದ್ಧಕ್ಕೆ ಹೋಗುವುದಿಲ್ಲ. ಪಾದರಕ್ಷೆ ಮಾಡುವ ಮಾದಿಗ ಕುಶಲಕರ್ಮಿಯ ವೇಷದಲ್ಲಿ ಹೋಗಿ, ಅರಗಿನ ಪಾದರಕ್ಷೆಯನ್ನು ಶ್ರವಣನಿಗೆ ಒಪ್ಪಿಸುತ್ತಾನೆ. ಅದನ್ನು ಮೆಟ್ಟಿದ್ದೇ ಶ್ರವಣನ ಅಳಿವಿಗೆ ಕಾರಣವಾಗುತ್ತದೆ. ಸೂಪರ್‌ಹೀರೋ ಕಥೆಗಳ ವೇಷಾಂತರದೊಂದಿಗೆ ಇದನ್ನು ಹೋಲಿಸಬಹುದು. 1938ರಲ್ಲಿ ಮೊದಲು ಕಾಣಿಸಿಕೊಂಡ ಸೂಪರ್‌ಮ್ಯಾನ್ ಪತ್ರಿಕಾ ವರದಿಗಾರನ ವೇಷದಲ್ಲಿ ತನ್ನ ಬಲವನ್ನು ಮುಚ್ಚಿಡುತ್ತಾನೆ. ವೇಷ ಕಳಚಿದಾಗಲೇ ಅವನು ವೀರ. ಮಾದೇಶ್ವರನು ವೇಷ ತೊಟ್ಟಾಗ ವೀರ. ಸಾಮಾನ್ಯನ ಕಸುಬು ವೀರತ್ವದ ಮರೆಯಾಗದೆ ವೀರತ್ವದ ಆಯುಧವಾಗುತ್ತದೆ. ದುಡಿಸಿಕೊಳ್ಳುವವನು ದುಡಿಯುವವನ ಕೈಕೆಲಸದಿಂದ ಅಳಿಯುವಲ್ಲಿ ಖಳನ ಅಪರಾಧಕ್ಕೂ ಅವನ ಸಾವಿನ ವಿಧಾನಕ್ಕೂ ಇರುವ ಸಂಬಂಧ ಕೇಳುಗರಿಗೆ ಅರಿವಾಗುತ್ತದೆ. ಬೆರಳಿನಿಂದ ಹೊಮ್ಮುವ ಕಿರಣದಿಂದ, ಮುಷ್ಟಿಯ ಹೊಡೆತದಿಂದ ಎಲ್ಲ ಖಳರೂ ಒಂದೇ ಬಗೆಯಲ್ಲಿ ಉರುಳುವ ಕಥನಗಳಲ್ಲಿ ಈ ಸಂಬಂಧ ಕಡಿದುಹೋಗುತ್ತದೆ.

ಪ್ರತಿನಾಯಕನ ಶೇಷ ವಸ್ತುವಾಗಿ ಉಳಿದ ಉದಾಹರಣೆಗಳೂ ಕರ್ನಾಟಕದಲ್ಲಿ ಹೇರಳ. ಹಾಲುಮತ ಪರಂಪರೆಯಲ್ಲಿ ಡೊಳ್ಳಿನ ಹುಟ್ಟನ್ನು ಹೇಳುವ ಕಥೆಯಂತೆ, ಶಿವನಿಂದ ಹತನಾದ ಡೊಳ್ಳಾಸುರನ ಚರ್ಮವೇ ಡೊಳ್ಳಾಯಿತು. ಅಸುರನ ಮೈಯೇ ದೇವರ ಸೇವೆಯ ನಾದ. ದೀಪಾವಳಿಯ ಬಲಿಪಾಡ್ಯಮಿಯಂದು ಪಾತಾಳಕ್ಕೆ ತುಳಿಯಲ್ಪಟ್ಟ ದೊರೆಯನ್ನು ವರ್ಷಕ್ಕೊಮ್ಮೆ ಮನೆಗೆ ಕರೆಯುವ ಆಚರಣೆಯೂ ಇದೇ ಬಗೆಯದು. ಗೆದ್ದವನನ್ನು ಪೂಜಿಸಿಯೂ ಸೋತವನಿಗೆ ಒಂದು ದಿನವನ್ನು ಮೀಸಲಿಡುವ ಲೆಕ್ಕಾಚಾರ ಇಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಚಿತ್ರಕಥಾ ಪುಸ್ತಕ

ಭಾರತದ ಅತ್ಯಂತ ಪ್ರಭಾವಶಾಲಿ ಚಿತ್ರಕಥಾ ಮಾಲೆಯಾದ ‘ಅಮರ ಚಿತ್ರಕಥೆ’ಯ ಹಿನ್ನೆಲೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ 1965ರಲ್ಲಿ ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಅವು ಸಿಂಡರೆಲಾ, ಸ್ನೋವೈಟ್ ಮೊದಲಾದ ಪಾಶ್ಚಾತ್ಯ ಕಥೆಗಳ ಅನುವಾದಗಳಾಗಿದ್ದವು. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು ಮುಂದೆ ಭಾರತೀಯ ವಸ್ತುಗಳತ್ತ ಮಾಲೆಯನ್ನು ತಿರುಗಿಸಿದರು. ಇಂಗ್ಲಿಷ್ ಮಾಲೆಯಲ್ಲಿ ಕೃಷ್ಣನ ಕಥೆಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಈ ಕಾರಣದಿಂದ. 2011ರಲ್ಲಿ ಪೈ ಅವರು ನಿಧನರಾಗುವ ವೇಳೆಗೆ ಮಾಲೆಯಲ್ಲಿ ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳಿದ್ದವು.

ಈ ಕ್ರಮವು ಪ್ರಸ್ತುತ ವಿವೇಚನೆಗೆ ಮುಖ್ಯ. ಮೊದಲ ಹತ್ತು ಪುಸ್ತಕಗಳ ಮಲತಾಯಿ, ತೋಳ, ದೈತ್ಯರಿಗೆ ಕನ್ನಡದ ಓದುಗನ ಮಟ್ಟಿಗೆ ಊರಿರಲಿಲ್ಲ. ಮೂಲದ ನಾಡುಗಳಲ್ಲಿ ಅವರಿಗೆ ಇದ್ದಿರಬಹುದಾದ ನೆಲೆ ಅನುವಾದದಲ್ಲಿ ಕಳಚಿಹೋಗಿತ್ತು. ಮುಂದೆ ಭಾರತೀಯ ಪುರಾಣಗಳು ಬಂದಾಗ ಅಸುರರಿಗೆ ಹೆಸರಿತ್ತು, ವಂಶವಿತ್ತು, ವರವಿತ್ತು. ಆದರೆ ಮೂವತ್ತೆರಡು ಪುಟಗಳ ಮಿತಿಯಲ್ಲಿ ಆ ಹೆಸರುಳ್ಳವರೂ ತೋಳನ ಪಾತ್ರವನ್ನೇ ವಹಿಸಬೇಕಾಯಿತು. ದೇವಿಯ ಕಥೆಗಳಿಗೆ ಮೀಸಲಾದ ಪುಸ್ತಕದಲ್ಲಿ ಮಹಿಷನ ವಧೆಯ ಆಧಾರ ಸಂಸ್ಕೃತ ಪುರಾಣ. ಉತ್ತನಹಳ್ಳಿಗೂ ನಂಜುಂಡನಿಗೂ ಅಲ್ಲಿ ಎಡೆಯಿಲ್ಲ. ಇಡೀ ದೇಶಕ್ಕೆ ಒಂದೇ ಪಾಠವನ್ನು ಒಪ್ಪಿಸಬೇಕಾದ ಪ್ರಕಾಶನಕ್ಕೆ ಬೆಟ್ಟದ ತಪ್ಪಲಿನ ಪಾಠ ಕಾಣದಿರುವುದು ಸಹಜವೇ. ಆದರೆ ಅದರ ಪರಿಣಾಮವಾಗಿ ಮೈಸೂರಿನ ಮಗುವೂ ತನ್ನ ಊರಿನ ಕಥೆಯನ್ನು ಹೊರಗಿನ ಪಾಠದಲ್ಲಿ ಓದಿತು.

ಬಣ್ಣದ ವೇಷ ಮತ್ತು ಮೈಯ ಬಣ್ಣ

ಚಿತ್ರಕಥೆಯಲ್ಲಿ ಮಾತು ಕಡಿಮೆ. ಪಾತ್ರದ ಸ್ವಭಾವವನ್ನು ರೂಪವೇ ಹೇಳಬೇಕು. ‘ಅಮರ ಚಿತ್ರಕಥೆ’ಯನ್ನು ಕುರಿತ ನಂದಿನಿ ಚಂದ್ರ ಅವರ 2008ರ ಮತ್ತು ಕಾರ್ಲೈನ್ ಮೆಕ್‌ಲೇನ್ ಅವರ 2009ರ ಅಧ್ಯಯನಗಳು ಈ ಮಾಲೆಯ ಚಿತ್ರಗಳ ಹಿಂದಿನ ಸಾಂಸ್ಕೃತಿಕ ಆಯ್ಕೆಗಳನ್ನು ವಿವರವಾಗಿ ಪರಿಶೀಲಿಸಿವೆ. ದೇವತೆಗಳದು ತಿಳಿಬಣ್ಣದ, ನಯವಾದ ಮೈ; ಅಸುರರದು ದಟ್ಟಬಣ್ಣದ, ಕೋರೆಹಲ್ಲಿನ, ಒರಟು ಮೈ. ಈ ವಿನ್ಯಾಸ ಒಂದು ಪುಸ್ತಕಕ್ಕೆ ಸೀಮಿತವಲ್ಲ. ಮುದ್ರಿತ ಪೌರಾಣಿಕ ಚಿತ್ರಗಳಲ್ಲಿ ವ್ಯಾಪಕವಾಗಿದೆ, ಆನಿಮೇಷನ್‌ನಲ್ಲಿಯೂ ಮುಂದುವರಿದಿದೆ.

ಬಣ್ಣದಿಂದ ಅಸುರನನ್ನು ಗುರುತಿಸುವುದು ಪರಂಪರೆಯಲ್ಲೇ ಇತ್ತಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಇದಕ್ಕೆ ಉತ್ತರ ಕಾಣಲು ಮೈಸೂರಿನಿಂದ ಕರಾವಳಿಯತ್ತ, ಇದೇ ಮಹಿಷನ ಇನ್ನೊಂದು ರಂಗರೂಪದತ್ತ ತಿರುಗಬೇಕು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳಿಗೆ ‘ಬಣ್ಣದ ವೇಷ’ ಎಂದೇ ಹೆಸರು. ಅಕ್ಕಿಹಿಟ್ಟು, ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಚಿಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಇದರಲ್ಲೇ ಪರಿಣತಿ ಪಡೆದು, ಬಣ್ಣದ ಮಹಾಲಿಂಗರಂತೆ, ‘ಬಣ್ಣ’ವನ್ನೇ ಹೆಸರಿನ ಭಾಗವಾಗಿಸಿಕೊಂಡ ಕಲಾವಿದರಿದ್ದಾರೆ. ಕಟೀಲು ಮೇಳಗಳು ಹರಕೆಯಾಗಿ ಆಡುವ ದೇವೀ ಮಹಾತ್ಮೆ ಪ್ರಸಂಗದಲ್ಲಿ ಕೋಡುಗಳ ಕಿರೀಟ ತೊಟ್ಟ ಮಹಿಷನು ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ದೀವಟಿಗೆಗಳ ಬೆಳಕಿನಲ್ಲಿ, ಆರ್ಭಟಿಸುತ್ತ, ಪ್ರೇಕ್ಷಕರ ಹಿಂದಿನಿಂದ ಅವರ ನಡುವೆಯೇ ಹಾದುಬರುತ್ತಾನೆ. ಮಕ್ಕಳು ಬೆದರುತ್ತಾರೆ, ಹಿರಿಯರು ಎದ್ದು ನಿಂತು ನೋಡುತ್ತಾರೆ. ಇಡೀ ರಾತ್ರಿಯ ಆಟದಲ್ಲಿ ಜನ ಕಾತರದಿಂದ ಕಾಯುವ ಪ್ರವೇಶಗಳಲ್ಲಿ ಇದು ಮುಖ್ಯವಾದುದು.

ಬಣ್ಣದ ವೇಷದ ಬಣ್ಣ ಅಲಂಕಾರ. ಅದು ಕಲಾವಿದನ ಶ್ರಮದಿಂದ ಬಂದು ಬೆಳಗಿನ ಹೊತ್ತಿಗೆ ತೊಳೆದುಹೋಗುತ್ತದೆ. ಯಾವ ಸಮುದಾಯದ ಮೈಬಣ್ಣವನ್ನೂ ಅದು ಅನುಕರಿಸುವುದಿಲ್ಲ. ಹಸಿರು, ಕೆಂಪು, ಬಿಳಿ, ಕಪ್ಪುಗಳ ಆ ಮುಖ ಮನುಷ್ಯರಲ್ಲಿ ಯಾರದೂ ಅಲ್ಲ. ಮುದ್ರಿತ ಚಿತ್ರಕಥೆಯ ಅಸುರನ ಕಪ್ಪು ಮೈ ಮಾತ್ರ ಹೊಲದಲ್ಲಿ, ಬೀದಿಯಲ್ಲಿ ಕಾಣುವ ಮನುಷ್ಯರ ಮೈ. ರಂಗದ ಅಸುರನು ಪ್ರೇಕ್ಷಕರ ನಡುವಿನಿಂದ ಬಂದರೂ ಅವರಲ್ಲಿ ಯಾರನ್ನೂ ಹೋಲುವುದಿಲ್ಲ. ಪುಟದ ಅಸುರನು ಓದುಗರಿಂದ ದೂರವಿದ್ದೂ ಅವರಲ್ಲಿ ಕೆಲವರನ್ನು ಹೋಲುತ್ತಾನೆ. ಪರಂಪರೆಯಿಂದ ಬಣ್ಣವನ್ನು ಪಡೆದು, ಬಣ್ಣದ ತರ್ಕವನ್ನು ಬಿಟ್ಟುಬಿಟ್ಟದ್ದರ ಫಲ ಇದು.

ಊರಿಲ್ಲದ ಖಳ

ಆನಿಮೇಷನ್ ಧಾರಾವಾಹಿಗಳು ಈ ಇಕ್ಕಟ್ಟಿಗೆ ಬೇರೊಂದು ಪರಿಹಾರವನ್ನು ಕಂಡುಕೊಂಡವು. ಹೈದರಾಬಾದಿನ ಗ್ರೀನ್ ಗೋಲ್ಡ್ ಆನಿಮೇಷನ್ ಸಂಸ್ಥೆ ನಿರ್ಮಿಸಿದ ‘ಛೋಟಾ ಭೀಮ್’ 2008ರಲ್ಲಿ ಪೋಗೊ ವಾಹಿನಿಯಲ್ಲಿ ಆರಂಭವಾಯಿತು. 2009ರಲ್ಲಿ ಸನ್ ಸಮೂಹದ ಚಿಂಟು ವಾಹಿನಿ ಆರಂಭವಾದ ಮೇಲೆ ಕನ್ನಡಕ್ಕೆ ಮಾತು ಕೂಡಿಸಿದ ಆನಿಮೇಷನ್ ಧಾರಾವಾಹಿಗಳೂ ರಾಜ್ಯದ ಮನೆಗಳನ್ನು ತಲುಪಿದವು. ‘ಛೋಟಾ ಭೀಮ್’ನ ನಾಯಕನಿಗೆ ಮಹಾಭಾರತದ ಹೆಸರಿದೆ, ಅವನು ವಾಸಿಸುವ ಢೋಲಕಪುರ ಮಾತ್ರ ಕಲ್ಪಿತ. ಅವನ ನಿತ್ಯದ ಎದುರಾಳಿ ಕಾಲಿಯಾ ಎಂಬ ದಪ್ಪ ಹುಡುಗ. ಅವನು ಕೆಟ್ಟವನಲ್ಲ, ಹೊಟ್ಟೆಕಿಚ್ಚಿನವನು; ಪ್ರತಿ ಕಂತಿನಲ್ಲೂ ಸೋತು ಮರುಕಂತಿಗೆ ಸಿದ್ಧನಾಗುತ್ತಾನೆ. ಆಗಾಗ ಬರುವ ಮಾಂತ್ರಿಕರು, ದೈತ್ಯರು ಅಂದೇ ಬಂದು ಅಂದೇ ಅಳಿಯುತ್ತಾರೆ.

ಮಹಾಭಾರತದ ಭೀಮನು ಹಿಡಿಂಬನನ್ನು ಕೊಂದವನು, ಹಿಡಿಂಬೆಯನ್ನು ಮದುವೆಯಾದವನು. ಕೊಂದ ರಾಕ್ಷಸನ ತಂಗಿ ಹೆಂಡತಿಯಾಗುತ್ತಾಳೆ. ಅವಳ ಮಗ ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಡುತ್ತಾನೆ. ಪ್ರತಿನಾಯಕನ ಶೇಷ ನಾಯಕನ ಮನೆಯೊಳಗೇ ಸಂಬಂಧವಾಗಿ ಬೆಳೆಯುವ ಬಗೆ ಅದು. ಪುಟ್ಟ ಮಕ್ಕಳ ಧಾರಾವಾಹಿಯಲ್ಲಿ ವಿವಾಹ ಪ್ರಸಂಗ ಬರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಗೆದ್ದವನಿಗೂ ಸೋತವನಿಗೂ ನಡುವೆ ಯಾವುದಾದರೊಂದು ನಂಟು ಉಳಿಯಬೇಕೆಂಬ ಎಣಿಕೆಯೇ ಇಲ್ಲಿ ಇಲ್ಲವಾಗಿದೆ.

ವಿದೇಶಿ ವೀರನನ್ನು ಭಾರತಕ್ಕೆ ಒಗ್ಗಿಸುವ ಯತ್ನಗಳಲ್ಲಿಯೂ ಇದೇ ಕೊರತೆಯಿದೆ. 2004ರಲ್ಲಿ ಬಂದ ಭಾರತೀಯ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ನಾಯಕ ಪವಿತ್ರ ಪ್ರಭಾಕರ್ ಮುಂಬಯಿಯಲ್ಲಿದ್ದಾನೆ; ಉದ್ಯಮಿಯಾದ ಖಳನು ಪ್ರಾಚೀನ ತಾಯಿತವೊಂದರ ಬಲದಿಂದ ರಾಕ್ಷಸ ರೂಪ ತಾಳುತ್ತಾನೆ. 2006ರಲ್ಲಿ ಬೆಂಗಳೂರಿನಲ್ಲಿಯೂ ನೆಲೆ ಹೊಂದಿದ್ದ ವರ್ಜಿನ್ ಕಾಮಿಕ್ಸ್ ಸಂಸ್ಥೆ ‘ದೇವಿ’ ಎಂಬ ಮಾಲೆಯನ್ನು ಹೊರತಂದಿತು. ಅಲ್ಲಿ ದೇವಿಯ ಶಕ್ತಿ ಆಧುನಿಕ ನಗರದ ಯುವತಿಯೊಬ್ಬಳಲ್ಲಿ ಜಾಗೃತವಾಗುತ್ತದೆ. ಇಂಥ ಕೃತಿಗಳ ಚಿತ್ರಕೌಶಲ ಪ್ರಶಂಸನೀಯ. ಆದರೆ ರಾಕ್ಷಸತ್ವವು ತೊಡುವ ಉಡುಪಾಗಿ, ಪರಂಪರೆಯು ಅಂಗಡಿಯ ಸರಕಾಗಿ ಬಳಕೆಯಾಗಿದೆ. ಅಸುರನಿಗೆ ಏಕೆ ವರ ದೊರೆಯಿತು, ಕೊಟ್ಟವರು ಯಾರು ಎಂಬುದು ಜನಪದ ಕಥನದಲ್ಲಿ ಕಡೆಗಣಿಸಲಾಗದ ಪ್ರಶ್ನೆ. ವರ ಕೊಟ್ಟವನು ದೇವರೇ. ಹಾಗಾಗಿ ಕೇಡಿನ ಹೊಣೆಯಲ್ಲಿ ದೇವರಿಗೂ ಪಾಲುಂಟು. ತಾಯಿತದಿಂದ ಬಂದ ಬಲಕ್ಕೆ ಅಂಥ ಹೊಣೆಗಾರರಿಲ್ಲ.

ಶೇಷದ ಹೊರೆ

ಜನಪದ ಕಥನವೆಲ್ಲ ಉದಾರ, ಚಿತ್ರಕಥೆಯೆಲ್ಲ ಸಂಕುಚಿತ ಎಂಬ ಸರಳ ವಿಭಜನೆಯನ್ನು ಒಪ್ಪಲಾಗದು. ಶೇಷವು ಯಾವಾಗಲೂ ಗೌರವವಾಗಿರುವುದಿಲ್ಲ. ಕರ್ನಾಟಕದ ಹಲವೆಡೆ ಮಾರಿಹಬ್ಬದ ಕೋಣಬಲಿಗೆ ಹಿನ್ನೆಲೆಯಾಗಿ ಹೇಳುವ ಕಥೆಯಲ್ಲಿ, ಅಸ್ಪೃಶ್ಯನೊಬ್ಬ ಬ್ರಾಹ್ಮಣನೆಂದು ನಂಬಿಸಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾಗುತ್ತಾನೆ. ಸತ್ಯ ತಿಳಿದಾಗ ಅವಳು ಮಾರಿಯಾಗುತ್ತಾಳೆ, ಅವನು ಕೋಣನಾಗುತ್ತಾನೆ. ಬಲಿ ನಡೆದಾಗಲೆಲ್ಲ ಅವನು ಮತ್ತೆ ಸಾಯುತ್ತಾನೆ. ಇಲ್ಲಿ ಪ್ರತಿನಾಯಕನ ಶೇಷವು ಒಂದು ಸಮುದಾಯದ ಮೇಲೆ ಹೊರಿಸಿದ ಅಪಮಾನ. ಖಳನಿಗೆ ಊರು ಕೇರಿಗಳಿದ್ದಾಗ ಆ ಕೇರಿಯಲ್ಲಿ ಇಂದಿಗೂ ಮನುಷ್ಯರು ವಾಸಿಸುತ್ತಿರುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಯಾರ ಊರೂ ಅಲ್ಲದ ಢೋಲಕಪುರಕ್ಕೆ ಒಂದು ಸಮರ್ಥನೆಯಿದೆ. ಅದು ಯಾರನ್ನೂ ನೋಯಿಸುವುದಿಲ್ಲ.

ಮೈಸೂರಿನಲ್ಲಿ ಕಳೆದ ದಶಕದಲ್ಲಿ ದಲಿತ ಹಾಗೂ ಪ್ರಗತಿಪರ ಸಂಘಟನೆಗಳು ಆಚರಿಸಿದ ಮಹಿಷ ದಸರಾ ಈ ಹೊರೆಯ ಅರಿವಿನಿಂದ ಹುಟ್ಟಿದ್ದು. ಮಹಿಷನು ಈ ನಾಡಿನ ಮೂಲನಿವಾಸಿ ದೊರೆ, ಬೌದ್ಧ ಪರಂಪರೆಯವನು ಎಂಬುದು ಅದರ ಹಿಂದಿನ ವಾದ. 2019ರಲ್ಲಿ ಬೆಟ್ಟದ ಮೇಲೆ ಆಚರಣೆಗೆ ಅವಕಾಶ ದೊರೆಯಲಿಲ್ಲ. 2023ರಲ್ಲಿ ಪರ-ವಿರೋಧಗಳ ನಡುವೆ ನಿಷೇಧಾಜ್ಞೆ ಜಾರಿಯಾಗಿ, ಕಾರ್ಯಕ್ರಮ ನಗರದ ಪುರಭವನಕ್ಕೆ ಸೀಮಿತವಾಯಿತು. ಅಸುರನೊಬ್ಬನ ಕಥೆ ಇಷ್ಟು ತೀವ್ರ ಸಂಘರ್ಷಕ್ಕೆ ಎಡೆಮಾಡುವುದೇ ಪ್ರತಿನಾಯಕನ ಶೇಷ ಇಲ್ಲಿ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ.

ಐತಿಹಾಸಿಕ ಆಧಾರಗಳ ಪ್ರಶ್ನೆಯನ್ನು ಬದಿಗಿಟ್ಟು ಕಥನಶಾಸ್ತ್ರದ ದೃಷ್ಟಿಯಿ೦ದ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ‘ಅಸುರನೆಂದು ಕರೆದವರು ಯಾರು’ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕನ್ನು ಈ ಆಚರಣೆ ಮರಳಿ ಪಡೆಯಿತು. ಅದರ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಮಹಿಷನನ್ನು ಕಳಂಕರಹಿತ ವೀರನನ್ನಾಗಿಸಿ, ದೇವಿಯನ್ನು ಹೊರಗಿನವರ ಕೈಗೊಂಬೆಯಾಗಿಸುವ ನಿರೂಪಣೆಗಳು ಚಿತ್ರಕಥೆಯ ಚೌಕಟ್ಟನ್ನು ಒಡೆಯುವುದಿಲ್ಲ. ಅದರೊಳಗಿನ ಇಬ್ಬರ ಸ್ಥಾನಗಳನ್ನು ಮಾತ್ರ ಅದಲುಬದಲು ಮಾಡುತ್ತವೆ. ಬೆಟ್ಟದ ತಪ್ಪಲಿನ ಜನಪದ ಪಾಠವು ದೇವಿಯನ್ನೂ ಬಿಟ್ಟುಕೊಟ್ಟಿಲ್ಲ, ಮಹಿಷನನ್ನೂ ಬಿಟ್ಟುಕೊಟ್ಟಿಲ್ಲ. ಪರಸ್ಪರ ವಿರುದ್ಧವಾದ ಇಂದಿನ ಎರಡು ವಾದಗಳಿಗಿಂತಲೂ ಆ ಪಾಠ ಹೆಚ್ಚು ಸಂಕೀರ್ಣವಾದುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಹೊರಬರುತ್ತವೆ. ಮೊದಲನೆಯದು, ಮೈಸೂರು ಪರಿಸರದ ಜನಪದ ಕಥನದಲ್ಲಿ ಪ್ರತಿನಾಯಕನಿಗೆ ವರವಿದೆ, ಊರಿದೆ, ಶೇಷವಿದೆ. ವೀರನಿಗೆ ಸಂಹಾರದಾಚೆಯ ಬದುಕಿದೆ. ಎರಡನೆಯದು, ಚಿತ್ರಕಥೆ ಮತ್ತು ಆನಿಮೇಷನ್‌ಗಳು ಈ ಪರಂಪರೆಯಿಂದ ಸಂಹಾರದ ಕ್ಷಣವನ್ನೂ ಅಸುರನ ಬಾಹ್ಯರೂಪವನ್ನೂ ಪಡೆದು, ವರದ ಹೊಣೆಯನ್ನೂ ಶೇಷವನ್ನೂ ಕೈಬಿಟ್ಟಿವೆ. ಮೂರನೆಯದು, ಇದಕ್ಕೆ ಮಾಧ್ಯಮದ ಸ್ವಭಾವ ಕಾರಣವಲ್ಲ. ಪ್ರಕಾಶನದ ಮತ್ತು ಪ್ರಸಾರದ ಆರ್ಥಿಕತೆ ಕಾರಣ. ಚಂದಮಾಮದ ಬೇತಾಳನಂಥ ಎದುರಾಳಿ ಅಚ್ಚಿನ ಪುಟದಲ್ಲಿಯೇ ದಶಕಗಟ್ಟಲೆ ಬಾಳಿದನು.

ಜಾನಪದ ಅಧ್ಯಯನದ ಮುಂದಿರುವ ಕೆಲಸವೂ ಇದರಿಂದ ಸ್ಪಷ್ಟವಾಗುತ್ತದೆ. ಚಿತ್ರಕಥೆಗಳನ್ನು ಜಾನಪದದ ವಿಕೃತಿಯೆಂದು ತಳ್ಳಿಹಾಕುವ ಕ್ರಮವನ್ನು ಬಿಟ್ಟು, ಅವನ್ನು ಪಾಠಾಂತರಗಳೆಂದು ಪರಿಗಣಿಸಬೇಕು. ಕಂಸಾಳೆಯ ಹಾಡುಗಾರನ ಪಾಠಕ್ಕೆ ತೋರುವ ಎಚ್ಚರವನ್ನು ಮಕ್ಕಳು ತಾವು ನೋಡಿದ ಕಂತನ್ನು ಗೆಳೆಯರಿಗೆ ಮರಳಿ ಹೇಳುವ ಪಾಠಕ್ಕೂ ತೋರಬೇಕು. ಆ ಮರುನಿರೂಪಣೆಯಲ್ಲಿ ಖಳನು ಏನಾಗುತ್ತಾನೆ, ಅವನಿಗೆ ಮಕ್ಕಳು ಯಾವ ಊರನ್ನು ಕೊಡುತ್ತಾರೆ, ಸೋತ ಮೇಲೆ ಅವನನ್ನು ಆಟಕ್ಕೆ ಮತ್ತೆ ಸೇರಿಸಿಕೊಳ್ಳುತ್ತಾರೆಯೇ ಎಂಬುದು ಕ್ಷೇತ್ರಕಾರ್ಯದಿಂದ ಮಾತ್ರ ತಿಳಿಯಬಹುದಾದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ಸೂತ್ರದ ಗೊಂಬೆಗಳನ್ನೂ ತೊಗಲುಗೊಂಬೆಗಳನ್ನೂ ಜೋಪಾನವಾಗಿ ಕಾಪಾಡಿದೆ. ಅದೇ ಆಸ್ಥೆಯಿಂದ ಕನ್ನಡದ ಚಿತ್ರಕಥಾ ಪುಸ್ತಕಗಳ, ಮಕ್ಕಳ ಮಾಸಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಗ್ರಂಥಾಲಯಗಳು ಸಂಗ್ರಹಿಸದಿದ್ದರೆ ಈ ಪಾಠಾಂತರಗಳನ್ನು ಹೋಲಿಸಲು ಸಾಮಗ್ರಿಯೇ ಉಳಿಯುವುದಿಲ್ಲ. 1965ರ ಆ ಹತ್ತು ಕನ್ನಡ ಪುಸ್ತಕಗಳಿಂದಲೇ ಈ ಸಂಗ್ರಹಕಾರ್ಯ ಆರಂಭವಾಗಬೇಕು.